ಮೂಗಿನ ನೆರಳು

ಕನ್ನಡಕದವರು ಮದುವೆಗೂ ಮುಂಚಿನಿಂದ ಒಂದೇ ಕನ್ನಡಕದ ಅಂಗಡಿಯಲ್ಲಿ, ಒಂದೇ ಸ್ಟೂಲಿನ ಮೇಲೆ ಕೂತು ಜನರ ಮುಖ ನೋಡಿಕೊಂಡು ಬಂದವರು. ನೋಡುವುದೆಂದರೆ ಅವರಿಗೆ ಅಳೆಯುವುದು. ಯಾರ ಮೂಗು ಎಷ್ಟು ಅಗಲ, ಯಾರ ಎಡಗಿವಿ ಬಲಗಿವಿಗಿಂತ ಎಷ್ಟು ಕೆಳಗೆ, ಯಾರ ಕಣ್ಣಿನ ಪಾಪೆಗಳ ನಡುವೆ ಎಷ್ಟು ಅಂತರ, ಎಲ್ಲ ಬಾಯಿಪಾಠ. ದಾರಿಯಲ್ಲಿ ಎದುರಾದವರನ್ನೂ ಫ್ರೇಮಿನಿಂದಲೇ ಗುರುತು ಹಿಡಿಯುತ್ತಿದ್ದರು. ಇಷ್ಟು ಮುಖ ಕಂಡವನಿಗೆ ಮನುಷ್ಯರ ಮನಸ್ಸು ತಿಳಿಯದೆ ಇರುತ್ತದೆಯೇ ಎಂಬುದು ಅವರ ಬಲವಾದ ನಂಬಿಕೆ. ಈ ನಂಬಿಕೆ ತನ್ನ ಪಾಡಿಗೆ ತಾನು ಮೂಲೆಯಲ್ಲಿ ಬಿದ್ದುಕೊಂಡಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅದನ್ನು ತಟ್ಟಿ ಎಬ್ಬಿಸಿದವರು ಗಡ್ಡದ ಗುರುಗಳು.

ಗುರುಗಳು ಫೋಟೋ ತೆಗೆಯುವುದನ್ನು ಕಲಿಸುವವರು. ಓದುವ ಕನ್ನಡಕದ ಕಡ್ಡಿ ಮುರಿದುಕೊಂಡು ಅಂಗಡಿಗೆ ಬಂದಿದ್ದರು. ಸ್ಕ್ರೂ ಬಿಗಿಯುವಷ್ಟು ಹೊತ್ತಿನಲ್ಲಿ ಕನ್ನಡಕದವರ ತಲೆಯೊಳಗಿನ ಸ್ಕ್ರೂ ಒಂದನ್ನು ಸಡಿಲ ಮಾಡಿಬಿಟ್ಟು, ಭಾನುವಾರ ಪುರಭವನದಲ್ಲಿ ನಡೆಯುವ ತಮ್ಮ ಶಿಬಿರಕ್ಕೆ ಕರೆದು ಹೋದರು. ಅಲ್ಲಿ ಗುರುಗಳು ಹೇಳಿದ್ದು ಇಷ್ಟು: ಬಣ್ಣ ಗಲಾಟೆ ಮಾಡುತ್ತದೆ, ಗಲಾಟೆ ನಿಂತ ಮೇಲೇ ಮುಖ ಮಾತಾಡಲು ಶುರುಮಾಡುವುದು. ಆದ್ದರಿಂದ ಕಪ್ಪು ಬಿಳುಪಿನಲ್ಲೇ ತೆಗೆಯಿರಿ, ಭಾವಕ್ಕಾಗಿ ಕಾಯಿರಿ, ಭಾವ ಬಂದಾಗ ಬಿಡಬೇಡಿ.

ಮುಂದಿನ ತಿಂಗಳ ಸಂಬಳದಲ್ಲಿ ಒಂದು ಹಳೆಯ ಕ್ಯಾಮೆರಾ ಮನೆಗೆ ಬಂತು. ಭಾವ ಮಾತ್ರ ಎಲ್ಲೂ ಬರಲಿಲ್ಲ.

ಮೊದಲು ಸಿಕ್ಕವರು ಮೇಲಿನ ಮನೆಯ ಗಾರ್ಡ್ ಸಾಹೇಬರು. ರೈಲ್ವೆಯಲ್ಲಿ ಗಾರ್ಡಾಗಿ ನಿವೃತ್ತರಾದವರು. ಫೋಟೋ ಅಂದ ಕೂಡಲೇ ಒಳಗೆ ಹೋಗಿ ಕೋಟು ಹಾಕಿಕೊಂಡು ಬಂದು, ಉಸಿರು ಕಟ್ಟಿ ನೆಟ್ಟಗೆ ನಿಂತರು. ಮುಖದಲ್ಲಿ ಸ್ವಲ್ಪ ಭಾವ ಬೇಕಿತ್ತು ಅಂದದ್ದಕ್ಕೆ, ಯಾವುದು ಬೇಕು ಹೇಳಿ, ಕೊಡುತ್ತೇನೆ ಅಂದರು. ದುಃಖ ಕೇಳಿದರೂ ಸಂತೋಷ ಕೇಳಿದರೂ ಅವರು ಕೊಟ್ಟದ್ದು ಒಂದೇ ಮುಖ, ಹಸಿರು ಬಾವುಟ ಬೀಸಿದ ಮೇಲೂ ಗಾಡಿ ಹೊರಡದೆ ನಿಂತಾಗಿನ ಮುಖ. ಕ್ಷೌರದಂಗಡಿಯವನನ್ನು ಕೂರಿಸಿದರೆ ಅವನ ಕಣ್ಣು ಕ್ಯಾಮೆರಾ ಬಿಟ್ಟು ತನ್ನದೇ ಕನ್ನಡಿಯ ಕಡೆಗೆ ಓಡುತ್ತಿತ್ತು. ಅಂಗಡಿಯ ಯಜಮಾನರು ಗುರುತಿನ ಚೀಟಿಗೆಂದು ತಿಳಿದು, ಕಿವಿ ಎರಡೂ ಕಾಣುತ್ತಿದೆಯೋ ಇಲ್ಲವೋ ಎಂದಷ್ಟೇ ವಿಚಾರಿಸಿದರು. ಆರು ತಿಂಗಳು ಕಳೆಯಿತು. ಜಗತ್ತಿನಲ್ಲಿ ಯಾರಿಗೂ ಒಳಗು ಎನ್ನುವುದೇ ಇಲ್ಲ ಎಂಬ ಕೊನೆಯ ತೀರ್ಮಾನಕ್ಕೆ ಬರುವ ಹೊತ್ತಿಗೆ, ಒಂದು ರಜೆಯ ಮಧ್ಯಾಹ್ನ, ಕನ್ನಡಕದವರಿಗೆ ತಮಗೊಬ್ಬಳು ಹೆಂಡತಿ ಇದ್ದಾಳೆ ಎನ್ನುವುದು ನೆನಪಾಯಿತು.

ಆಕೆ ಅಡುಗೆಮನೆಯ ಕಿಟಕಿಯ ಹತ್ತಿರ ನಿಂತು ಲೋಟ ಒರೆಸುತ್ತಿದ್ದಳು. ಹೊರಗಿನ ಬೆಳಕು ಅರ್ಧ ಮುಖದ ಮೇಲಿತ್ತು. ಕನ್ನಡಕದವರು ಕ್ಯಾಮೆರಾ ತಂದು, ಹಾಗೇ ನಿಂತಿರು, ಮುಖದಲ್ಲಿ ಭಾವ ಬರಬೇಕು ಅಂದರು.

"ಅಣ್ಣನಾ? ಮುಂದಿನ ತಿಂಗಳು ಬರ್ತಾನಂತೆ" ಅಂದಳು ಆಕೆ.

ಆ ಭಾವ ಅಲ್ಲ ಎಂದು ವಿವರಿಸಿ, ಹಿಂದೆ ಸರಿದು, ಮುಂದೆ ಬಂದು, ಮೊಣಕಾಲೂರಿ, ಸ್ಟೂಲು ಹತ್ತಿ ಅವರು ಒಂದೇ ಸಮನೆ ತೆಗೆದರು. ಕೊನೆಯದೊಂದನ್ನು ತೆಗೆದು ನೋಡಿದವರು ಸ್ಟೂಲಿನ ಮೇಲೇ ಕೂತುಬಿಟ್ಟರು. ಮುಖದ ಒಂದು ಪಾಲು ಕತ್ತಲು, ಒಂದು ಪಾಲು ಬೆಳಕು. ಆ ಕಣ್ಣುಗಳಲ್ಲಿ ಮನೆಯವರನ್ನೆಲ್ಲ ಕಳೆದುಕೊಂಡವರಲ್ಲೂ ಕಾಣದಂಥ ಒಂದು ಸಂಕಟ. ಕನ್ನಡಕದವರಿಗೆ ಆದದ್ದು ಆನಂದ. ಹೆಂಡತಿಯ ಬೆನ್ನು ತಟ್ಟಿ, ಅದ್ಭುತವಾಗಿ ಬಂದಿದೆ, ಇನ್ನು ನೀನು ಹೋಗಬಹುದು ಅಂದರು. ಆಕೆ ಎಲ್ಲಿಗೆ ಹೋಗುತ್ತಾಳೆ? ಇನ್ನೊಂದು ಲೋಟ ತೆಗೆದುಕೊಂಡಳು.

ಗುರುಗಳು ಆ ಚಿತ್ರ ನೋಡಿ ಗಡ್ಡ ನೀವಿಕೊಂಡರು. ಆಮೇಲೆ 'ಮೂಕ ಯಾತನೆ' ಎಂದು ಹೆಸರಿಟ್ಟು ಪುರಭವನದ ವಾರ್ಷಿಕ ಪ್ರದರ್ಶನಕ್ಕೆ ಕಳಿಸಿದರು. ಮೊದಲನೆಯ ಬಹುಮಾನ ಬಂತು. ಚಿತ್ರವನ್ನು ಬಾಗಿಲಿನಷ್ಟು ದೊಡ್ಡದು ಮಾಡಿ ಪ್ರವೇಶದಲ್ಲೇ ನಿಲ್ಲಿಸಿದರು. ಪತ್ರಿಕೆಯವರೂ ಅಂಚೆಚೀಟಿಗಿಂತ ಒಂದಿಷ್ಟು ದೊಡ್ಡದಾಗಿ ಅಚ್ಚು ಹಾಕಿ, ಕೆಳಗೆ 'ಛಾಯಾಗ್ರಾಹಕರ ಪತ್ನಿ' ಎಂದು ಬರೆದರು. ನಿನ್ನ ಫೋಟೋಗೆ ಬಹುಮಾನ ಬಂದಿದೆ ಎಂದು ಕನ್ನಡಕದವರು ಮನೆಯಲ್ಲಿ ಹೇಳಿದಾಗ ಹೆಂಡತಿ, ಅವತ್ತು ತಲೆ ಬಾಚಿರಲಿಲ್ಲವಲ್ಲ ಅಂದಳು. ಭಾನುವಾರ ಕರೆದುಕೊಂಡು ಹೋಗಿ ತೋರಿಸುತ್ತೇನೆ ಅಂದರು. ಆ ಭಾನುವಾರ ಬರುವಷ್ಟರಲ್ಲಿ ಬೇರೆ ಏನೇನೋ ಬಂತು.

ಮೊದಲು ಬಂದವರು ಗಾರ್ಡ್ ಸಾಹೇಬರ ಹೆಂಡತಿ. ಪತ್ರಿಕೆಯನ್ನು ಬೆನ್ನ ಹಿಂದೆ ಅಡಗಿಸಿಕೊಂಡು ಬಂದು, ಈಕೆಯ ಎರಡೂ ಕೈ ಹಿಡಿದುಕೊಂಡು, ಏನೂ ಹೇಳುವುದು ಬೇಡ, ತನಗೆಲ್ಲ ಅರ್ಥವಾಗಿದೆ ಅಂದರು. ಏನು ಅರ್ಥವಾಗಿದೆ ಎಂದು ಈಕೆ ಕೇಳಿದಳು. ಅದೇ ಅಂದರು ಅವರು. ಅಂಥದ್ದೇನೂ ಇಲ್ಲ ಅಂತ ಈಕೆ ಹೇಳಿದ್ದೇ ತಪ್ಪಾಯಿತು. ಏನೂ ಇಲ್ಲ ಅನ್ನುವ ಹೆಂಗಸರನ್ನು ತಾವು ಎಷ್ಟು ಕಂಡಿಲ್ಲ ಎಂದು ಅವರೇ ಅತ್ತು, ಅವರೇ ಕಣ್ಣೊರೆಸಿಕೊಂಡು ಹೋದರು. ಸಂಜೆಯೊಳಗೆ ಬೀದಿಯಲ್ಲಿ ಮೂರು ಕಾರಣಗಳು ತಯಾರಾದವು: ಮಕ್ಕಳಿಲ್ಲದ್ದಕ್ಕೆ ಹಿಂಸೆ, ಸಂಬಳ ಸಾಲದ್ದಕ್ಕೆ ಹಿಂಸೆ, ಮತ್ತು ಕಾರಣವೇ ಇಲ್ಲದ ಹಿಂಸೆ. ಮೂರನೆಯದನ್ನು ನಂಬಿದವರೇ ಹೆಚ್ಚು, ಕನ್ನಡಕದವರು ಅಷ್ಟು ಸಾಧು ಕಾಣುತ್ತಿದ್ದರು.

ಗಾರ್ಡ್ ಸಾಹೇಬರು ಮಾತು ಬಿಟ್ಟರು, ಆದರೆ ಕರ್ತವ್ಯ ಬಿಡಲಿಲ್ಲ. ಕೆಳಗಿನ ಮನೆಯಲ್ಲಿ ಒಂದು ತಟ್ಟೆ ಕೈಜಾರಿ ಬಿದ್ದರೂ ಮೇಲಿನಿಂದ ಹಳೆಯ ಸೀಟಿ ಊದುತ್ತಿದ್ದರು. ಅಂಗಡಿಯಲ್ಲಿ ಹೆಂಗಸರು ಕನ್ನಡಕದವರ ಮುಂದೆ ಮುಖ ಒಡ್ಡುವುದನ್ನು ನಿಲ್ಲಿಸಿದರು. ಒಬ್ಬಾಕೆ ಅವರ ಕೈ ಕಿವಿಯ ಹತ್ತಿರ ಬಂದದ್ದೇ ಎದ್ದು ಹೊರಟುಹೋದಳು. ಯಜಮಾನರು ಅವರನ್ನು ಪಕ್ಕಕ್ಕೆ ಕರೆದು, ಸ್ವಲ್ಪ ದಿನ ಮುಖ ಬೇಡ, ಗಾಜು ನೋಡಿಕೊಂಡರೆ ಸಾಕು ಎಂದು ಹಿಂದಿನ ಕೋಣೆಯಲ್ಲಿ ಲೆನ್ಸು ಉಜ್ಜಲು ಕೂರಿಸಿದರು. ಆ ಕೋಣೆಗೆ ಕಿಟಕಿಯಿರಲಿಲ್ಲ. ಬರುವ ಗಿರಾಕಿಗಳ ದನಿ ಮಾತ್ರ ಕೇಳುತ್ತಿತ್ತು. ಆ ದನಿಗಳೂ ಅವರ ವಿಷಯ ಬಂದಾಗ ತಗ್ಗುತ್ತಿದ್ದವು.

ಆ ವಾರವೇ ಭಾವ ಬಂದರು. ಹೆಂಡತಿಯ ಅಣ್ಣ. ಲಾರಿಗೆ ಬಾಡಿ ಕಟ್ಟುವ ವರ್ಕ್‌ಶಾಪ್ ನಡೆಸುವವರು. ಅವರ ಅಂಗೈ ನೋಡಿದರೆ ಸುತ್ತಿಗೆ ಯಾಕೆ ಇಟ್ಟುಕೊಂಡಿದ್ದಾರೆ ಎಂಬ ಅನುಮಾನ ಯಾರಿಗಾದರೂ ಬರಬೇಕು. ಬಂದವರು ಚಹಾ ಮುಟ್ಟಲಿಲ್ಲ. ತಂಗಿಯ ತೋಳು, ಕುತ್ತಿಗೆ, ಹಣೆ ಎಲ್ಲ ನೋಡಿ, ಎಲ್ಲೂ ಗಾಯವಿಲ್ಲದ್ದಕ್ಕೆ ಇನ್ನಷ್ಟು ಕಳವಳಗೊಂಡರು. ತಂಗಿ ನಕ್ಕಳು. ಇವಳು ಚಿಕ್ಕಂದಿನಿಂದ ಹೀಗೇ, ಬಿದ್ದು ಮಂಡಿ ತರಚಿದರೆ ಮೊದಲು ನಗುವುದು ಎಂದು ಭಾವ ಕಣ್ಣು ಒದ್ದೆ ಮಾಡಿಕೊಂಡರು.

ಈ ಹಂತದಲ್ಲಿ ಸುಮ್ಮನಿದ್ದರೆ ಸಾಕಿತ್ತು. ಆದರೆ ಕನ್ನಡಕದವರಿಗೆ ಒಂದು ಉಪಾಯ ಹೊಳೆಯಿತು. ಒಂದು ಚಿತ್ರ ಕೆಡಿಸಿದ ಮರ್ಯಾದೆಯನ್ನು ಇನ್ನೊಂದು ಚಿತ್ರ ಸರಿಮಾಡಬೇಕು. ಬಣ್ಣದ್ದು. ನಗುವಿನದ್ದು. ಭಾವ ಎದುರಿನ ಹೋಟೆಲಿಗೆ ಊಟಕ್ಕೆ ಹೋದ ಹೊತ್ತು ನೋಡಿ ಹೆಂಡತಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದರು. ನಗು ಅಂದರು. ಆಕೆ ನಕ್ಕಳು. ಹಾಗಲ್ಲ, ನಿಜವಾಗಿ ನಗು ಅಂದರು. ಆಕೆಗೆ ಬರಲಿಲ್ಲ. ಬರದಿದ್ದಷ್ಟೂ ಇವರ ದನಿ ಏರಿತು. ಹಲ್ಲು ಕಾಣಲಿ, ಇನ್ನೂ ಕಾಣಲಿ, ಕಣ್ಣಲ್ಲೂ ಸಂತೋಷ ಇರಲಿ, ನಗುತ್ತೀಯೋ ಇಲ್ಲವೋ ಎಂದು ಕೇಳುವಷ್ಟರಲ್ಲಿ ಮೇಲಿನಿಂದ ಸೀಟಿ. ಬೀದಿಯವರೆಲ್ಲ ಅಂಗಳದಲ್ಲಿ. ಊಟ ಅರ್ಧಕ್ಕೆ ಬಿಟ್ಟು ಓಡಿಬಂದ ಭಾವನ ಕೈಗೆ ಕನ್ನಡಕದವರು ಕ್ಯಾಮೆರಾವನ್ನೇ ಸಾಕ್ಷಿಯಾಗಿ ಕೊಟ್ಟರು. ಚಿತ್ರದಲ್ಲಿ ಒಬ್ಬ ಹೆಂಗಸು ಗೋಡೆಗೆ ಅಂಟಿಕೊಂಡು, ಇದ್ದಬದ್ದ ಹಲ್ಲನ್ನೆಲ್ಲ ತೋರಿಸಿ, ಕಣ್ಣರಳಿಸಿ ನಗುತ್ತಿದ್ದಳು.

"ಭಾವ, ಮೊದಲಿನ ಫೋಟೋನೇ ವಾಸಿ" ಅಂದರು ಭಾವ, ಮೆತ್ತಗೆ. "ಅದರಲ್ಲಿ ಅಳೋಕಾದ್ರೂ ಬಿಟ್ಟಿದ್ರಿ."

ಮರುದಿನ ಮಹಿಳಾ ಸಹಾಯ ಕೇಂದ್ರದಿಂದ ಕರೆ ಬಂತು.

ಕೇಂದ್ರದ ಅಧಿಕಾರಿ ಮೇಡಂ ದಪ್ಪ ಫ್ರೇಮಿನ ಕನ್ನಡಕ ಹಾಕಿದ್ದರು. ಅದು ಒಂದು ಕಡೆ ತಗ್ಗಿರುವುದನ್ನು ಕನ್ನಡಕದವರು ಬಾಗಿಲಲ್ಲೇ ಗಮನಿಸಿದರಾದರೂ, ಹೇಳುವ ಸಂದರ್ಭ ಅದಲ್ಲ ಎನ್ನುವಷ್ಟು ಬುದ್ಧಿ ಇನ್ನೂ ಉಳಿದಿತ್ತು. ಒಂದು ಕಡೆ ಹೆಂಡತಿ, ಭಾವ. ಇನ್ನೊಂದು ಕಡೆ ಇವರು, ಇವರ ಏಕೈಕ ಸಾಕ್ಷಿಯಾಗಿ ಗಡ್ಡದ ಗುರುಗಳು. ಮೇಜಿನ ಮೇಲೆ 'ಮೂಕ ಯಾತನೆ'ಯಿದ್ದ ಪತ್ರಿಕೆ ಬಿಡಿಸಿಟ್ಟಿತ್ತು. ಮೇಡಂ ಅದರ ಮೇಲೆ ಬೆರಳಿಟ್ಟು, ಎಷ್ಟು ದಿನದಿಂದ ಹೊಡೆಯುತ್ತಿದ್ದೀರಿ ಎಂದು ಕೇಳಿದರು.

ಕನ್ನಡಕದವರಿಗೆ ಜೀವ ಬಂದಂತಾಯಿತು. ಇಷ್ಟು ದಿನದಲ್ಲಿ ಅವರ ಕಲೆಯ ಬಗ್ಗೆ ಕೇಳಿದವರು ಇವರೊಬ್ಬರೇ.

"ಆರು ತಿಂಗಳ ಮೇಲಾಯ್ತು ಮೇಡಂ. ಮೊದಲು ಮೇಲಿನ ಮನೆ ಗಾರ್ಡ್ ಸಾಹೇಬರನ್ನ ಹೊಡೆದೆ. ಆಮೇಲೆ ಕ್ಷೌರದಂಗಡಿಯವನನ್ನ. ಅವರಿಂದ ಏನೂ ಹೊರಗೆ ಬರ್ಲಿಲ್ಲ. ಅದಕ್ಕೇ ಮನೇಲಿ ಶುರು ಮಾಡ್ದೆ."

"ಅವತ್ತು ಎಷ್ಟು ಸಲ ಹೊಡೆದ್ರಿ?"

"ಒಂದು ಇಪ್ಪತ್ತು ಸಲ. ಮೊದಮೊದಲು ಸರಿಯಾಗಿ ಬೀಳ್ಲಿಲ್ಲ. ಕೊನೇದು ಒಂದು ಚೆನ್ನಾಗಿ ಬಿತ್ತು."

ಭಾವ ಎದ್ದು ನಿಂತರು. ಹೆಂಡತಿ ಏನೋ ಹೇಳಲು ಬಾಯಿ ತೆರೆದಳು. ಹೆದರಬೇಡಿ, ನಿಮ್ಮ ಸರದಿ ಬರುತ್ತದೆ ಎಂದು ಮೇಡಂ ಆಕೆಯನ್ನು ಕೂರಿಸಿದರು. ಶಿಷ್ಯನಿಗೆ ನೆರವಾಗಲು ಇದೇ ಸಮಯವೆಂದು ಗುರುಗಳು ಗಂಟಲು ಸರಿಮಾಡಿಕೊಂಡರು.

"ಮೇಡಂ, ಇವರಿಗೆ ಹೊಡೆಯೋದನ್ನ ಕಲಿಸಿದ್ದೇ ನಾನು. ಭಾನುವಾರ ಇಡೀ ದಿನ. ಮೂವತ್ತು ಜನಕ್ಕೆ. ಉಚಿತವಾಗಿ."

"ಮನೆಯವರನ್ನ ಹೊಡೆಯೋದಕ್ಕಾ?"

"ಅಭ್ಯಾಸಕ್ಕೆ ಮನೆಯವರೇ ಅನುಕೂಲ. ಕರೆದಾಗ ಬರ್ತಾರೆ, ಓಡಿಹೋಗಲ್ಲ. ಆದರೆ ನಾನು ಎಲ್ಲರಿಗೂ ಹೇಳೋದು ಒಂದೇ, ಬಲವಂತ ಮಾಡ್ಬೇಡಿ, ಭಾವ ತಾನಾಗೇ ಎದ್ದು ಬರ್ಬೇಕು."

ಭಾವ ಆಗಲೇ ಎದ್ದು ಬರುತ್ತಿದ್ದರು. ಗುರುಗಳ ಗಡ್ಡಕ್ಕೂ ಆ ಅಂಗೈಗೂ ನಡುವೆ ಇನ್ನೇನೂ ಉಳಿದಿರಲಿಲ್ಲ. ಆಗ ಹೆಂಡತಿ ಮೇಜನ್ನು ಬಡಿದಳು. ಬಡಿದದ್ದು ಮೆಲ್ಲಗೇ, ಆದರೆ ಆಕೆ ಏನನ್ನಾದರೂ ಬಡಿದದ್ದನ್ನು ಅಲ್ಲಿದ್ದ ಯಾರೂ ಯಾವತ್ತೂ ಕಂಡಿರಲಿಲ್ಲ.

"ಫೋಟೋ ಹೊಡೆದಿದ್ದು" ಅಂದಳು. "ಇವರು ನನ್ನ ಮೇಲೆ ಕೈ ಎತ್ತಿದವರಲ್ಲ. ಜೋರಾಗಿ ಮಾತಾಡಿದ್ದೂ ಮೊನ್ನೆ ಒಂದೇ ಸಲ, ನಗು ಅಂತ."

ಕೋಣೆಯಲ್ಲಿದ್ದವರು ಒಬ್ಬೊಬ್ಬರಾಗಿ ಉಸಿರು ಬಿಟ್ಟರು. ಮೇಡಂ ತಮ್ಮ ತಗ್ಗಿದ ಕನ್ನಡಕ ತೆಗೆದು ಒರೆಸಿಕೊಂಡರು. ಭಾವ ಕೂತರು, ಗುರುಗಳು ಗಡ್ಡ ಸರಿಮಾಡಿಕೊಂಡರು. ಕನ್ನಡಕದವರು ಗೆದ್ದವರಂತೆ ಎಲ್ಲರ ಮುಖ ನೋಡಿದರು. ಎಲ್ಲ ಅಲ್ಲಿಗೇ ಮುಗಿದು, ಚಹಾ ಕುಡಿದು ಎದ್ದಿದ್ದರೆ ಇದನ್ನು ಹೇಳುವ ಅಗತ್ಯವೇ ಇರಲಿಲ್ಲ. ಆದರೆ ಮೇಡಂಗೆ ಪತ್ರಿಕೆಯಲ್ಲಿದ್ದ ಆ ಮುಖವನ್ನು ಸುಮ್ಮನೆ ಮಡಚಿಡಲು ಮನಸ್ಸಾಗಲಿಲ್ಲ. ಹಾಗಾದರೆ ಆ ಹೊತ್ತಿನಲ್ಲಿ ನೀವು ಏನು ಯೋಚನೆ ಮಾಡುತ್ತಿದ್ದಿರಿ ಎಂದು ಕೇಳಿದರು. ಅಷ್ಟೆಲ್ಲ ಗಲಾಟೆಯಲ್ಲಿ ಆ ಪ್ರಶ್ನೆ ಕೇಳಿದವರು ಅವರೇ ಮೊದಲಿಗರು.

ಹೆಂಡತಿ ತನ್ನ ಬೆರಳುಗಳನ್ನು ನೋಡಿಕೊಂಡಳು.

"ಇವರು ತುಂಬಾ ಹೊತ್ತು ಹಿಂದೆ ಮುಂದೆ ಓಡಾಡಿದ್ರು. ಆಮೇಲೆ ಕ್ಯಾಮೆರಾ ಪಕ್ಕಕ್ಕಿಟ್ಟು ಹತ್ತಿರ ಬಂದ್ರು. ನನ್ನ ಗಲ್ಲ ಹಿಡಿದು ಮುಖ ಎತ್ತಿದ್ರು. ಹಣೆ ಮೇಲಿದ್ದ ಕೂದಲನ್ನ ಬೆರಳಲ್ಲಿ ಹಿಂದೆ ಸರಿಸಿದ್ರು. ಮದುವೆಯಾದ ಹೊಸದರಲ್ಲೂ ಇವರು ಹಾಗೆ ಮಾಡಿದವರಲ್ಲ. ನನ್ನನ್ನೇ ನೋಡ್ತಾ ನಿಂತ್ರು. ಏನೋ ಹೇಳ್ತಾರೆ ಅಂತ ನಾನು ಕಾದೆ."

"ಏನು ಹೇಳಿದ್ರು?"

"ಮೂಗಿನ ನೆರಳು ಉದ್ದ ಬೀಳ್ತಿದೆ, ಸ್ವಲ್ಪ ಎಡಕ್ಕೆ ತಿರುಗು ಅಂದ್ರು. ತಿರುಗಿದೆ."

ಗುರುಗಳು ಚಾವಣಿ ನೋಡಿದರು. ಭಾವ ತಮ್ಮ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಅವರ ಮನೆಯಲ್ಲೂ ಒಬ್ಬಳು ಹೆಂಡತಿ ಇದ್ದಳು. ನಿಮಗೇನಾದರೂ ಹೇಳುವುದಿದೆಯೇ ಎಂದು ಮೇಡಂ ಕನ್ನಡಕದವರನ್ನು ಕೇಳಿದರು. ಹೇಳುವುದು ಬೇಕಾದಷ್ಟಿತ್ತು. ಅದೆಲ್ಲ ಎದೆಯಲ್ಲಿ ಒಂದರ ಮೇಲೊಂದು ಬಿದ್ದು ಬಾಗಿಲಲ್ಲಿ ಸಿಕ್ಕಿಕೊಂಡಿತು. ಕೊನೆಗೆ ಹೊರಗೆ ಬಂದದ್ದು ಇಷ್ಟೇ:

"ಬಹುಮಾನ ಬಂದಿದ್ದು ತಿರುಗಿದ ಮೇಲಿನ ಫೋಟೋಗೆ ಮೇಡಂ."

ಮೇಡಂ ಪತ್ರಿಕೆ ಮಡಚಿದರು. ಇದರಲ್ಲಿ ಅಪರಾಧವೇನೂ ಕಾಣುವುದಿಲ್ಲ, ಇಂಥದ್ದಕ್ಕೆ ನಮ್ಮಲ್ಲಿ ಕಾನೂನಿಲ್ಲ, ನೀವಿನ್ನು ಹೊರಡಬಹುದು ಅಂದರು. ಗಂಡಸರಲ್ಲಿ ಅಷ್ಟು ಸಂಪೂರ್ಣವಾಗಿ ಬಿಡುಗಡೆಯಾದವರು ಆ ಕೋಣೆಯಿಂದ ಅಷ್ಟು ತಲೆತಗ್ಗಿಸಿಕೊಂಡು ಹೊರಗೆ ಬಂದದ್ದು ಅಪರೂಪ. ಮೆಟ್ಟಿಲಿಳಿಯುವಾಗ ಹೆಂಡತಿ, ಅಣ್ಣನ ಮನೆಯಲ್ಲಿ ಸ್ವಲ್ಪ ದಿನ ಇದ್ದು ಬರುತ್ತೇನೆ ಅಂದಳು. ಎಷ್ಟು ದಿನ ಎಂದು ಕೇಳಿದರು. ನೋಡೋಣ ಅಂದಳು. ಇನ್ನೇನೂ ಕೇಳಲು ತೋಚದೆ, ಗ್ಯಾಸು ಎಷ್ಟಿದೆ ಎಂದು ಕೇಳಿದರು.

ಬೀದಿಗೆ ಸುದ್ದಿ ತಲುಪಿತು. ಕನ್ನಡಕದವರು ಹೊಡೆಯುತ್ತಿರಲಿಲ್ಲ ಎಂದು ತಿಳಿದು ಗಾರ್ಡ್ ಸಾಹೇಬರಿಗೆ ನಾಚಿಕೆಯಾಗಿ, ಒಂದು ತಟ್ಟೆ ತಿಂಡಿ ಕಳಿಸಿಕೊಟ್ಟರು. ಅವರ ಹೆಂಡತಿ ಮಾತ್ರ ಕೇಳಿದ್ದನ್ನೆಲ್ಲ ಕೇಳಿ, ಹೊಡೆದಿದ್ದರೆ ಎರಡು ದಿನ ಅತ್ತು ಮರೆಯಬಹುದಿತ್ತು ಎಂದು ಗಂಡನ ಕಡೆ ಒಂದು ನೋಟ ಬೀರಿ ಒಳಗೆ ಹೋದರು. ಅಂಗಡಿಯ ಯಜಮಾನರು ಕನ್ನಡಕದವರನ್ನು ಮತ್ತೆ ಮುಂದಿನ ಸ್ಟೂಲಿಗೆ ಕರೆತಂದರು. ಕನ್ನಡಕದವರು ಮುಖಗಳನ್ನು ಅಳೆಯುತ್ತಾ ಕೂತರು. ಈಗ ಅಳತೆ ತಪ್ಪುತ್ತಿತ್ತು. ಎದುರು ಕೂತ ಹೆಂಗಸರ ಕಣ್ಣಿಗೆ ಅಳತೆಪಟ್ಟಿ ಹಿಡಿದವರು ಇದ್ದಕ್ಕಿದ್ದಂತೆ ನಿಂತುಬಿಡುತ್ತಿದ್ದರು. ಈ ಹೆಂಗಸು ಏನಕ್ಕಾದರೂ ಕಾಯುತ್ತಿರಬಹುದೇ ಎಂದು ಅನುಮಾನವಾಗುತ್ತಿತ್ತು. ಕಾಯುತ್ತಿದ್ದದ್ದು ಕನ್ನಡಕಕ್ಕೆ ಎನ್ನುವುದು ಆಮೇಲೆ ತಿಳಿಯುತ್ತಿತ್ತು.

ಮನೆಯಲ್ಲಿ ಹುಡುಕಿದರೆ ಹೆಂಡತಿಯ ಚಿತ್ರ ಒಂದೂ ಇರಲಿಲ್ಲ. ಇದ್ದವೆಲ್ಲ ಕ್ಯಾಮೆರಾದೊಳಗೆ. ಆ ಹಲ್ಲಿನದ್ದನ್ನು ಅಳಿಸಲು ಹೋಗಿ ಅವೆಲ್ಲವನ್ನೂ ಅಳಿಸಿಬಿಟ್ಟಿದ್ದರು. 'ಮೂಕ ಯಾತನೆ'ಯನ್ನಾದರೂ ವಾಪಸು ತರೋಣವೆಂದು ಪುರಭವನಕ್ಕೆ ಹೋದರೆ, ಮೊದಲ ಬಹುಮಾನದ ಚಿತ್ರ ಪುರಭವನದ ಸ್ವತ್ತು ಎಂದು ಅಲ್ಲಿಯ ಮ್ಯಾನೇಜರು ಕೈ ಅಲ್ಲಾಡಿಸಿದರು. ಪ್ರದರ್ಶನ ಮುಗಿದ ಮೇಲೆ ಅದನ್ನು ಒಳಗಿನ ಪಡಸಾಲೆಯಲ್ಲಿ, ನೀರಿನ ನಲ್ಲಿಗೆ ಹೋಗುವ ದಾರಿಯಲ್ಲಿ ತೂಗುಹಾಕಿದ್ದರು. ಕನ್ನಡಕದವರು ಅಂಗಡಿ ಮುಚ್ಚಿದ ಮೇಲೆ ಅಲ್ಲಿಗೆ ಹೋಗುವುದನ್ನು ರೂಢಿ ಮಾಡಿಕೊಂಡರು. ಹೋಗುತ್ತಿದ್ದರು, ನಲ್ಲಿಯಲ್ಲಿ ಒಂದು ಲೋಟ ನೀರು ಕುಡಿಯುತ್ತಿದ್ದರು, ಹೆಂಡತಿಯ ಎದುರು ನಿಲ್ಲುತ್ತಿದ್ದರು, ಬರುತ್ತಿದ್ದರು. ಆ ಮನುಷ್ಯನಿಗೆ ಸಕ್ಕರೆ ಕಾಯಿಲೆಯಿರಬೇಕು, ಅದಕ್ಕೇ ಇಷ್ಟು ಬಾಯಾರಿಕೆ ಎಂದು ಕಾವಲುಗಾರ ಮರುಕಪಡುತ್ತಿದ್ದ.

ಒಂದು ಸಂಜೆ ಹೋದಾಗ ಚಿತ್ರದ ಮುಂದೆ ಹೆಂಡತಿಯೇ ನಿಂತಿದ್ದಳು. ಕೈಯಲ್ಲಿ ಸಣ್ಣ ಚೀಲ. ಮೈಮೇಲೆ ಕಡು ನೀಲಿ ಬಟ್ಟೆ. ಅಣ್ಣನ ಮನೆಯಿಂದ ಬಸ್ಸಿನಲ್ಲಿ ಒಬ್ಬಳೇ ಬಂದಿದ್ದಳು. ಎಲ್ಲರೂ ನೋಡಿದ ಆ ಚಿತ್ರವನ್ನು ಪತ್ರಿಕೆಯ ಮಸಿಯಲ್ಲಿ ಬಿಟ್ಟರೆ ಆಕೆ ನೋಡಿಯೇ ಇರಲಿಲ್ಲ, ತೋರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಕನ್ನಡಕದವರು ಪಕ್ಕದಲ್ಲಿ ಹೋಗಿ ನಿಂತರು. ಇದೇನಾ ಎಂದು ಆಕೆ ಕೇಳಿದಳು. ಇದೇ ಅಂದರು. ಆಕೆ ಬಹಳ ಹೊತ್ತು ನೋಡಿ, ಕಿಟಕಿಯ ಗಾಜು ಒರೆಸಿರಲಿಲ್ಲ, ಊರೆಲ್ಲ ನೋಡಿತಲ್ಲ ಅಂದಳು. ನಕ್ಕಳೋ ಎಂದು ಇವರು ತಿರುಗಿ ನೋಡಿದರು. ನಕ್ಕಿರಲಿಲ್ಲ.

ನಲ್ಲಿಯ ಕಡೆಯಿಂದ ಬಂದ ಮುದುಕರೊಬ್ಬರು ಇವರ ಜೊತೆ ನಿಂತು ಕತ್ತೆತ್ತಿದರು. ಬಣ್ಣದ ಬಟ್ಟೆಯಲ್ಲಿ ಪಕ್ಕದಲ್ಲೇ ನಿಂತಿದ್ದವಳನ್ನು ಅವರು ಗುರುತಿಸಲಿಲ್ಲ.

"ಪಾಪ, ಎಷ್ಟು ನೊಂದಿದ್ದಾಳೆ ಈಯಮ್ಮ. ಯಾರು, ನಿಮಗೇನಾದ್ರೂ ಗೊತ್ತಾ?" ಎಂದು ಕನ್ನಡಕದವರನ್ನು ಕೇಳಿದರು.

ಹೆಂಡತಿ ಚಿತ್ರದಿಂದ ಕಣ್ಣು ತೆಗೆದು ಗಂಡನ ಕಡೆ ನೋಡಿದಳು. ಕನ್ನಡಕದವರೂ ಆಕೆಯ ಕಡೆ ತಿರುಗಿದರು.

"ಗೊತ್ತಿಲ್ಲ" ಅಂದರು. "ಕೇಳಬೇಕು."

ಮುದುಕರು ತಲೆಯಾಡಿಸಿ ಹೋದರು. ಹೆಂಡತಿ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಹೊರಗೆ ನಡೆದಳು. ಗೇಟಿನ ಆಚೆ ಬಸ್ಸೊಂದು ಬಂದು ನಿಂತು ಹೋಯಿತು. ಬಸ್ಸು ಹೋದ ಮೇಲೂ ಆಕೆ ಅಲ್ಲೇ ನಿಂತಿದ್ದಳು. ಅದು ಅಣ್ಣನ ಊರಿನ ಬಸ್ಸಾಗಿರಲಿಲ್ಲವೋ, ಅಥವಾ ಆಕೆ ಕಾಯುತ್ತಿದ್ದದ್ದು ಬಸ್ಸಿಗಾಗಿ ಅಲ್ಲವೋ, ಪಡಸಾಲೆಯಿಂದ ಮುಖ ನೋಡಿ ಹೇಳಲು ಕನ್ನಡಕದವರಿಗೆ ಆಗಲಿಲ್ಲ. ಕೇಳಲು ಹೊರಟರು.